ವಿಭೂತಿ ಹಚ್ಚಿದ ತೋಟಾಗಳು

ಚಿರತೆಗೆ ಯಾವ ನಂಬರಿನ ಬಂದೂಕು ಬೇಕಾಗುತ್ತದೆ ಎಂದು ವೀರೇಶ ಕೇಳಿ ಇವತ್ತಿಗೆ ನಾಲ್ಕು ದಿನವಾಯಿತು. ನಾನು ಇನ್ನೂ ಉತ್ತರ ಕೊಟ್ಟಿಲ್ಲ. ವೀರೇಶ ನನ್ನ ತಮ್ಮನ ಮಗ. ಊರಿನ ಹೊಲಮನೆಯೆಲ್ಲ ಈಗ ಅವನ ಕೈಯಲ್ಲಿದೆ. ನಾಲೆಯ ದಂಡೆಯ ಕೆಸರಿನಲ್ಲಿ ಮೂಡಿದ ಒಂದು ಹೆಜ್ಜೆಯ ಫೋಟೋ ಕಳಿಸಿದ್ದಾನೆ. ಅಳತೆ ಗೊತ್ತಾಗಲೆಂದು ಪಕ್ಕದಲ್ಲಿ ಬೆಂಕಿಪೊಟ್ಟಣ ಇಟ್ಟಿದ್ದಾನೆ. ಫೋಟೋದ ಹಿಂದೆಯೇ ಅವನ ದನಿ ಬಂತು.

"ಅತ್ತಿ, ಮುತ್ಯಾನ ಕಾಲದಾಗ ನಮ್ಮ ಮನ್ಯಾಗ ಬಂದೂಕ ಇತ್ತಂತಲ್ಲ, ನೀ ನೋಡೀದಿ. ಚಿರತಿಗೆ ಬಾರಾ ಬೋರ್ ಸಾಕಾಗ್ತದೋ, ರೈಫಲ್ಲೇ ಬೇಕೋ? ಇಲ್ಲಿ ಒಬ್ಬೊಬ್ಬಾಂವ ಒಂದೊಂದು ನಂಬರ್ ಹೇಳಾಕತ್ತಾನ."

ಫೋಟೋವನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಬೆರಳುಗಳ ಮುಂದೆ ನಾಲ್ಕು ಸಣ್ಣ ಚುಕ್ಕೆಗಳಿದ್ದವು. ಕೆಸರಿನ ಗೀರು ಇದ್ದರೂ ಇರಬಹುದು ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಅವನು ಕೇಳಿದ್ದು ಸಣ್ಣ ಪ್ರಶ್ನೆ. ಇದೇ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಒಂದು ಶ್ರಾವಣದಿಂದ ದಸರೆಯವರೆಗೆ ಎಲ್ಲರೂ ಕೇಳಿದ್ದರು. ಆಗ ನನಗೆ ಹನ್ನೊಂದು ವರ್ಷ. ಅದಕ್ಕೆ ಕೊನೆಗೆ ಸಿಕ್ಕ ಉತ್ತರವನ್ನು ಮಾಳಿಗೆಯ ಮೇಲೆ ನಿಂತು ನೋಡಿದವಳು ನಾನೊಬ್ಬಳೇ.

ನಮ್ಮ ಊರು ಮಸ್ಕಿಗೂ ಸಿಂಧನೂರಿಗೂ ನಡುವೆ. ಒಂದು ಮಗ್ಗುಲಿಗೆ ಬಂಡೆಗಲ್ಲಿನ ಗುಡ್ಡ, ಇನ್ನೊಂದು ಮಗ್ಗುಲಿಗೆ ನಾಲೆ ನೀರಿನ ಭತ್ತದ ಗದ್ದೆ. ಮನೆ ಊರಿನ ಕೊನೆಯಲ್ಲಿತ್ತು. ತಲಬಾಗಿಲು ದಾಟಿದರೆ ಎಡಕ್ಕೆ ದನ ಕಟ್ಟುವ ಅಂಕಣ, ಮೂರು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರ ಹಿಂದೆ ಅಡುಗೆಮನೆ, ಮೂಲೆಯಲ್ಲಿ ದೇವರ ಕೋಣೆ. ಇಷ್ಟರ ಮೇಲೂ ಹರವಿದ ಮಣ್ಣಿನ ಮಾಳಿಗೆ. ಅಡುಗೆಮನೆಯ ಹೊಗೆ ಹೋಗಲೆಂದು ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಬಿಟ್ಟಿದ್ದರು. ಅದರ ಪಕ್ಕ ಬೋರಲು ಮಲಗಿದರೆ ಕೆಳಗಿನ ಮಾತು ಹೊಗೆಯ ಜೊತೆ ಮೇಲೆ ಬರುತ್ತಿತ್ತು. ದೊಡ್ಡವರು ಮುಂದೆ ಆಡುವ ಮಾತು ಬೇರೆ, ಒಲೆಯ ಮುಂದೆ ಆಡುವ ಮಾತು ಬೇರೆ ಎಂದು ನಾನು ಕಲಿತದ್ದು ಅಲ್ಲಿ. ಮುಂದೆ ರಾಯಚೂರಿನಲ್ಲಿ ಕಾಲೇಜು ಓದಿದೆ, ಡಿಗ್ರಿ ಪಡೆದೆ. ಆದರೆ ಯಾರಾದರೂ ನನ್ನೊಂದಿಗೆ ಸಲೀಸಾಗಿ ಮಾತಾಡಿದರೆ ಇದರ ಕೆಳಗಿನ ಮಾತು ಯಾವುದಿರಬಹುದು ಎಂದು ಹುಡುಕುವ ಚಟ ಬೆಳಕಿಂಡಿಯಿಂದಲೇ ಬಂದದ್ದು, ಇನ್ನೂ ಹೋಗಿಲ್ಲ.

ಬಂದೂಕು ದೇವರ ಕೋಣೆಯ ಬಾಗಿಲ ಮೇಲೆ, ಎರಡು ಗೂಟಗಳ ಮೇಲೆ ಮಲಗಿರುತ್ತಿತ್ತು. ಒಂಟಿ ನಳಿಕೆಯ ಬಾರಾ ಬೋರ್, ಅಂದರೆ ಹನ್ನೆರಡು ನಂಬರಿನದು. ಅದರ ಕಾಡತೂಸಿಗೆ ನಮ್ಮಲ್ಲಿ ತೋಟಾ ಎನ್ನುತ್ತಿದ್ದರು. ಮುತ್ಯಾ, ಅಂದರೆ ಅಪ್ಪನ ಅಪ್ಪ, ಕೊರಳಲ್ಲಿ ಲಿಂಗ ಕಟ್ಟಿಕೊಂಡವನು, ಇರುವೆ ತುಳಿದರೂ ಲೊಚಗುಟ್ಟುವವನು. ಆದರೆ ಶೇಂಗಾ ಹೊಲಕ್ಕೆ ಹಂದಿ ಬೀಳುತ್ತಿದ್ದವು. ಅದಕ್ಕೆ ಅವನು ಕಂಡುಕೊಂಡ ದಾರಿ ಎಂದರೆ ತೋಟಾದೊಳಗಿನ ಸೀಸದ ಗುಂಡು ತೆಗೆದು ಅಲ್ಲಿ ಹರಳುಪ್ಪು, ಒಂದಿಷ್ಟು ಜೋಳ ತುಂಬುವುದು. ಸಪ್ಪಳವೂ ಆಗುತ್ತಿತ್ತು, ಹಂದಿಯ ಕುಂಡೆಗೆ ಉರಿಯೂ ಹತ್ತುತ್ತಿತ್ತು, ಜೀವ ಮಾತ್ರ ಹೋಗುತ್ತಿರಲಿಲ್ಲ. ಉಪ್ಪಿನ ತೋಟಾಗಳ ಹಿತ್ತಾಳೆ ಬುಡಕ್ಕೆ ಒಂದು ಎಳೆ ವಿಭೂತಿ ಹಚ್ಚಿಡುತ್ತಿದ್ದ. ಸೀಸದವು ಹಾಗೇ ಬರಿಮೈ. ಎರಡೂ ಒಂದೇ ಚಹಾಪುಡಿ ಡಬ್ಬಿಯಲ್ಲಿ, ದೇವರ ಕೋಣೆಯ ಗೂಡಿನಲ್ಲಿರುತ್ತಿದ್ದವು. ಒಂದು ಮಧ್ಯಾಹ್ನ ನನ್ನ ಎರಡೂ ಅಂಗೈಗಳ ಮೇಲೆ ಒಂದೊಂದು ಇಟ್ಟು ಕಣ್ಣು ಮುಚ್ಚಿಸಿದ್ದು ನೆನಪಿದೆ.

"ಯಾವುದು ಹಗುರ ಐತಿ, ಹೇಳು ನೋಡೋಣು."

"ಎಡಗೈಯಾಗಿಂದು."

"ಅದು ಉಪ್ಪು. ಭಾರ ಇದ್ದದ್ದು ಪಾಪ. ತಿಳೀತಿಲ್ಲೊ?"

ಮುತ್ಯಾ ತೀರಿಕೊಂಡ ಮೇಲೆ ಲೈಸೆನ್ಸು ಅಪ್ಪನ ಹೆಸರಿಗೆ ಬಂತು, ಗೂಡಿನ ಕೀಲಿ ಆಯಿಯ ಸೊಂಟಕ್ಕೆ ಬಂತು. ಅಜ್ಜಿಗೆ ನಾವು ಆಯಿ ಎನ್ನುತ್ತಿದ್ದೆವು. ಬಂದೂಕಿನ ಮೇಲೆ ಕಣ್ಣಿದ್ದದ್ದು ಮಾತ್ರ ಕಾಕಾನಿಗೆ. ಅಪ್ಪನ ತಮ್ಮ ಶರಣಪ್ಪ ಕಾಕಾ ಇಸ್ತ್ರಿ ಅಂಗಿ ತೊಟ್ಟು ಸಿಂಧನೂರಿನ ಹೋಟೆಲುಗಳಲ್ಲಿ ಕೂಡುವವನು, ಹಿಂದಿನ ಕೋಣೆಗಳಲ್ಲಿ ಇಸ್ಪೀಟು ಆಡುವವನು. ನನಗೆ ಸಿಂಧನೂರಿನಿಂದ ರಿಬ್ಬನ್ನು, ಪೆಪ್ಪರಮಿಂಟು ತರುತ್ತಿದ್ದವನೂ ಅವನೇ. ಅವನನ್ನು ಕೆಟ್ಟವನೆಂದು ಬರೆದು ಮುಗಿಸಿಬಿಡುವುದು ಸುಲಭ. ಅಷ್ಟು ಸುಲಭವಾಗಿದ್ದರೆ ನಾನು ಇಷ್ಟು ವರ್ಷ ಇದನ್ನು ಹೊತ್ತು ತಿರುಗುತ್ತಿರಲಿಲ್ಲ.

ಆ ಶ್ರಾವಣದಲ್ಲಿ ಮೊದಲು ಓಣಿಯ ಎರಡು ನಾಯಿ ಕಾಣೆಯಾದವು. ಆಮೇಲೆ ನಮ್ಮ ಒಂದು ಕರು. ಆಮೇಲೆ ಗಬ್ಬದ ಮಣಕ, ಮನೆಯಲ್ಲೇ ಹುಟ್ಟಿ ಬೆಳೆದ ಎಳೆ ಹಸು. ನಮ್ಮ ದನ ಕಾಯುತ್ತಿದ್ದವನು ದುರುಗಪ್ಪ. ಹಗಲೆಲ್ಲ ಗುಡ್ಡದ ಬುಡದಲ್ಲಿ ದನ ಮೇಯಿಸಿ ಸಂಜೆ ನಾಲೆಯ ದಂಡೆ ಹಿಡಿದು ಬರುತ್ತಿದ್ದ. ಅವನ ಗಂಗಾಳ ತಲಬಾಗಿಲ ಹೊರಗಿನ ಗೂಡಿನಲ್ಲಿರುತ್ತಿತ್ತು. ಅವ್ವ ಮೇಲಿನಿಂದ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ ಹಾಕುತ್ತಿದ್ದಳು. ಚಿಕ್ಕಂದಿನಲ್ಲಿ ನನ್ನನ್ನು ಹೆಗಲ ಮೇಲೆ ಕೂಡಿಸಿಕೊಂಡು ಗುಡ್ಡ ತೋರಿಸಿದವನು ಅವನು. ಕರು ಹೋದದ್ದು ಚಿರತೆಯ ಬಾಯಿಗೆ ಎಂದು ದುರುಗಪ್ಪ ಹೇಳಿದ. ಬಂಡೆಯ ಮೇಲೆ ಅರ್ಧ ತಿಂದ ಮೈಯನ್ನು ಅಪ್ಪನಿಗೆ ತೋರಿಸಿಯೂ ಬಂದ. ಮಣಕದ ಮಾತು ಬಂದಾಗ ಮಾತ್ರ ಸುಮ್ಮನಾದ. ಕಾಕಾ ಬಿಡಲಿಲ್ಲ. ಪಡಸಾಲೆಯಲ್ಲಿ ಊಟಕ್ಕೆ ಕೂತವನು ಕೈ ತೊಳೆಯದೆ ಎದ್ದು ಬಾಗಿಲಿಗೆ ಹೋದ.

"ಲೇ ದುರುಗ್ಯಾ, ಒಂದು ಕರ ತಿಂದ ಚಿರತಿ ಮಣಕದ ಎಲುವು ಸೈತ ಬಿಡಲಿಲ್ಲೇನಲೇ? ಎಂಥ ಚಿರತಿ ಅದು, ಸಿಂಧನೂರು ಸಂತಿಗಿ ಹೋಗೋ ಚಿರತೀನೋ?"

"ಸಂತಿಗಿ ಹೋದದ್ದು ಯಾರಂತ ನಾ ಹೇಳ್ಲೇನ್ರಿ ಸಣ್ಣ ಗೌಡ್ರ? ನಾಲಿ ದಂಡಿ ಮ್ಯಾಲ ನನ್ನ ಕಣ್ಣು ಇದ್ದೇ ಇರ್ತಾವ."

ಅವನು ಅಷ್ಟೇ ಹೇಳಿದ್ದು. ಕಾಕಾನ ಮುಖ ಹೇಗಾಯಿತು ಎಂದರೆ, ಬೆಲ್ಲ ಎಂದು ಬಾಯಿಗೆ ಹಾಕಿಕೊಂಡದ್ದು ಕಲ್ಲಾದಂತೆ. ಅಪ್ಪ ತಲೆ ಎತ್ತಿ ಇಬ್ಬರನ್ನೂ ನೋಡಿದ, ರೊಟ್ಟಿ ಮುರಿದ. ಆ ದಿನದಿಂದ ನಮ್ಮ ಮನೆಯಲ್ಲಿ ಎರಡು ಚಿರತೆಗಳು ಓಡಾಡತೊಡಗಿದವು. ಒಂದು ಗುಡ್ಡದ್ದು. ಇನ್ನೊಂದರ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ. ದುರುಗಪ್ಪ ಕದ್ದು ಮಾರಿದನೆಂದು ಕಾಕಾನ ಸಂಶಯ. ಕಾಕಾನೇ ಇಸ್ಪೀಟಿಗಾಗಿ ಮಣಕ ಹೊಡೆದುಕೊಂಡು ಹೋದನೆಂದು ಆಯಿಯ ಸಂಶಯ. ಆಯಿ ತನ್ನ ಮೇಲೆ ಅಣ್ಣನನ್ನು ಎತ್ತಿಕಟ್ಟುತ್ತಾಳೆಂದು ಕಾಕಾನಿಗೆ ಇನ್ನೊಂದು ಸಂಶಯ. ಎದುರಿಗೆ ಮಾತ್ರ ಎಲ್ಲರ ಬಾಯಲ್ಲೂ ಒಂದೇ ಮಾತು, ಚಿರತೆಗೆ ಯಾವ ಬಂದೂಕು? ಕಾಕಾ ಬಾರಾ ಬೋರ್ ಸಾಲದು ಎಂದ, ದೂರ ಹೊಡೆಯುವ ರೈಫಲ್ಲು ಬೇಕು ಎಂದ. ಅಪ್ಪ ಪೊಲೀಸರಿಗೆ ಹೇಳೋಣ ಎಂದ. ಆಯಿ ಅಕ್ಕಿ ಆರಿಸುತ್ತ ಕೂತವಳು ತಲೆ ಎತ್ತದೇ ಅಂದಳು:

"ಚಿರತಿಗೆ ಯಾವ ಗುಂಡು ಅಂತ ಆಮ್ಯಾಲ ಕೇಳ್ರಿ. ಈ ಗುಂಡಿಗೆ ಯಾವ ಚಿರತಿ ಅಂತ ಮೊದಲು ಕೇಳ್ರಿ."

ಭಾದ್ರಪದದಲ್ಲಿ ಕಾಕಾ ನನ್ನನ್ನು ಲಿಂಗಸುಗೂರಿಗೆ ಕರೆದುಕೊಂಡು ಹೋದ. ಶಾಲೆಯಲ್ಲಿ ನನಗೆ ಬೋರ್ಡು ಕಾಣುತ್ತಿರಲಿಲ್ಲ, ಕಣ್ಣಿನ ಡಾಕ್ಟರಿಗೆ ತೋರಿಸಬೇಕಿತ್ತು. ಕನ್ನಡಕ ದಸರೆ ಆದ ಮೇಲೆ ಸಿಗುತ್ತದೆ ಎಂದರು. ಅಲ್ಲಿಂದ ನೇರ ಬಸ್‌ ಸ್ಟ್ಯಾಂಡಿಗೆ ಬರಬೇಕಾದವನು ಹಿಂದೆ ದಂಡು ಇಳಿಯುತ್ತಿದ್ದ ಹಳೆಯ ಛಾವಣಿಯ ಕಡೆ ತಿರುಗಿದಾಗಲೇ ಈ ಕಣ್ಣಿನ ನೆಪದ ಕೆಳಗೆ ಬೇರೆ ಕೆಲಸ ಇದೆ ಎಂದು ನನಗೆ ಗೊತ್ತಾಯಿತು. ಬೇವಿನ ಮರದ ಕೆಳಗೆ ಒಂದು ಹೆಂಚಿನ ಮನೆ. ಖಾದರ್ ಸಾಬ ಎಂಬ ಮುದುಕ ಹೊರಸಿನ ಮೇಲೆ ಕೂತಿದ್ದ. ನಿಜಾಮರ ಕಾಲದಲ್ಲಿ ಸಾಹೇಬರ ಜೊತೆ ಶಿಕಾರಿಗೆ ಹೋಗುತ್ತಿದ್ದವನಂತೆ. ನನಗೆ ಬೆಲ್ಲ, ಪುಟಾಣಿ ಕೊಟ್ಟ. ಕಾಕಾ ವಿಷಯ ತೆಗೆದ ಕೂಡಲೇ ಒಳಗಿನಿಂದ ಒಂದು ಕಟ್ಟಿಗೆಯ ಡಬ್ಬಿ ತರಿಸಿ ಹೊರಸಿನ ಮೇಲೆ ಬಗೆಬಗೆಯ ತೋಟಾಗಳನ್ನು ಸಾಲಾಗಿ ನಿಲ್ಲಿಸಿದ, ಪಗಡೆಯ ಕಾಯಿ ಇಟ್ಟ ಹಾಗೆ.

"ನೋಡು ಬೇಟಾ, ಈ ಸಣ್ಣದು ಬಾಯೀಸ್, ಮೊಲಕ್ಕ, ಹಕ್ಕಿಗಿ. ಇದರಿಂದ ಚಿರತಿ ಹೊಡದಿ ಅಂದ್ರ ಅದಕ್ಕ ಸಿಟ್ಟು ಬರ್ತದ, ಅಷ್ಟೇ. ಈ ಉದ್ದಂದು ತೀನ್ ಪಚತ್ತರ್. ಹುಲಿಗಿ, ಕಾಡುಕೋಣಕ್ಕ. ಇದು ನಡುವಿಂದು, ತೀನ್ ಪಂದ್ರಾ."

"ದೊಡ್ಡದೇ ಇರ್ಲಿ ಬಿಡ್ರಿ ಚಾಚಾ. ಒಂದು ಏಟಿಗೆ ಮುಗೀಬೇಕು."

"ಅರೇ, ದೊಡ್ಡದು ಅಂದ್ರ ಒಳ್ಳೇದಂತ ತಿಳಕೊಂಡಿ? ಚಿರತಿ ಅಂದ್ರ ಆನಿ ಅಲ್ಲಪ್ಪ. ತೂಕ ನಿನ್ನಷ್ಟೂ ಇರಂಗಿಲ್ಲ, ತೊಗಲು ತೆಳ್ಳಗ. ಭಾರೀ ಗುಂಡು ಈ ಕಡಿ ಹೊಕ್ಕು ಆ ಕಡಿ ಹೊಂಟು ಹೋಗ್ತದ. ಚಿರತಿ ಗಾಯ ಆಗಿ ಪೊದಿ ಒಳಗ ಕುಂದರ್ತದ. ಆಮ್ಯಾಲ ಅದನ್ನ ಹುಡುಕಾಕ ಹೋಗಾಂವ ಯಾರು, ನಿಮ್ಮಪ್ಪ? ತೀನ್ ಪಂದ್ರಾ ಸಾಕು, ಮೆತ್ತನ್ನ ಮೂತಿ ಗುಂಡು ಇರಬೇಕು. ಹತ್ತಿರ ಇತ್ತಂದ್ರ ನಿಮ್ಮ ಬಾರಾ ಬೋರೇ ಪಾಡು, ಸೀಸದ ಕಾಳು ತುಂಬಿದ್ದು, ದಪ್ಪ ಛರ‍್ರಾದ್ದು. ಅದಕ್ಕ ಕೇಳಾಕತ್ತೀನಿ, ಎಷ್ಟು ದೂರದಿಂದ ಹೊಡೀತಿ?"

ಕಾಕಾ ತಯಾರಿಟ್ಟುಕೊಂಡವನಂತೆ ಹೇಳಿದ:

"ನಮ್ಮ ಮಾಳಿಗಿಯಿಂದ ನಾಲಿ ದಂಡಿಗೆ ಇನ್ನೂರು ಹೆಜ್ಜಿ."

"ಯಾವ ಹೊತ್ತಿನಾಗ ಬರ್ತದ?"

"ಸಂಜೀ ಮುಂದ. ಹೊತ್ತು ಮುಳುಗೂದ್ರಾಗ."

"ದಿನಾ?"

"ದಿನಾ."

ಖಾದರ್ ಸಾಬ ಕೈಯಲ್ಲಿದ್ದ ತೋಟಾವನ್ನು ಡಬ್ಬಿಯೊಳಗೆ ಇಟ್ಟ. ಆಮೇಲೆ ಇನ್ನೊಂದನ್ನು. ಸಾಲೆಲ್ಲ ಖಾಲಿ ಮಾಡಿದ ಮೇಲೆ ಕೇಳಿದ:

"ಹೆಜ್ಜಿ ನೋಡೀಯೇನು? ಉಗುರು ಮೂಡಿದ್ವೋ ಇಲ್ಲೋ?"

"ಮೂಡಿದ್ವು. ಚಲೋ ಚೂಪನ್ನ ಉಗುರು."

"ಬೇಟಾ, ಬೆಕ್ಕಿನ ಜಾತಿ ಉಗುರು ಒಳಗಿಟ್ಟು ನಡೀತದ. ಉಗುರು ಕಂಡ್ರ ಅದು ನಾಯಿ. ಮತ್ತ ದಿನಾ ಅದೇ ಹೊತ್ತಿಗಿ, ಬಯಲಾಗ, ದಂಡಿ ಹಿಡದು ಬರೋ ಚಿರತೀನ್ನ ನಾ ಎಪ್ಪತ್ತು ವರ್ಷದಾಗ ನೋಡಿಲ್ಲ. ಆ ದಾರೀಲೆ ಯಾರು ಅಡ್ಡಾಡ್ತಾರ?"

ಕಾಕಾ ನಕ್ಕ. ನನ್ನ ಕಡೆ ನೋಡಿದ, ಮತ್ತೆ ಮುದುಕನ ಕಡೆ ನೋಡಿದ.

"ಯಾಕ ಹಂಗ ಕೇಳ್ತೀರಿ ಚಾಚಾ?"

ಮುದುಕ ಡಬ್ಬಿಯ ಮುಚ್ಚಳ ಹಾಕಿದ. ರೈಫಲ್ಲು ಮಾರಿ ಬಹಳ ದಿನವಾಯಿತು ಎಂದ. ಆದರೆ ಒಳಕೋಣೆಯ ಗೋಡೆಯ ಮೇಲೆ ಉದ್ದನೆಯ ಒಂದು ಚರ್ಮದ ಚೀಲ ತೂಗುತ್ತಿದ್ದುದು ನನ್ನ ಮಂದಗಣ್ಣಿಗೂ ಕಂಡಿತ್ತು. ಹೊರಡುವಾಗ ನನ್ನ ತಲೆಯ ಮೇಲೆ ಕೈಯಿಟ್ಟ, ಕಾಕಾನ ಕೈ ಮಾತ್ರ ಮುಟ್ಟಲಿಲ್ಲ. ಬಸ್ಸಿನಲ್ಲಿ ಕಾಕಾ ನನಗೆ ಕಿಟಕಿ ಪಕ್ಕ ಜಾಗ ಕೊಟ್ಟ. ಮಸ್ಕಿ ದಾಟಿದ ಮೇಲೆ ಅಂದ:

"ಛಾವಣಿಗಿ ಹೋಗಿದ್ವಿ ಅಂತ ಮನ್ಯಾಗ ಹೇಳಬ್ಯಾಡ ಮತ್ತ. ಚಷ್ಮಾ ತರಾಕ ನಾನೇ ಕರಕೊಂಡು ಬರ್ತೀನಿ."

ನಾನು ಹೇಳಿದೆ. ಅವ್ವನಿಗೆ ಅಲ್ಲ, ಆಯಿಗೆ. ಅವಳು ದೇವರ ಸಾಮಾನು ತಿಕ್ಕುತ್ತಿದ್ದಳು. ಬೂದಿ ಹತ್ತಿದ ಕೈ ನಿಂತಿತು. ಇನ್ನೂರು ಹೆಜ್ಜೆ ಎಂದನೇ ಎಂದು ಕೇಳಿದಳು. ಹೌದು ಎಂದೆ. ಸಂಜೆಯ ಹೊತ್ತು ಎಂದನೇ? ಹೌದು. ಅವಳು ಮತ್ತೆ ತಿಕ್ಕತೊಡಗಿದಳು. ಆ ಸಂಜೆ ಬೆಳಕಿಂಡಿಯ ಪಕ್ಕ ಮಲಗಿ ಕೇಳಿದೆ. ಅವ್ವ ಬಂದೂಕನ್ನು ಠಾಣೆಗೆ ಕೊಟ್ಟುಬಿಡಲು ಅಪ್ಪನಿಗೆ ಹೇಳಿರಿ ಎನ್ನುತ್ತಿದ್ದಳು. ಆಯಿ, "ಠಾಣ್ಯಾಗ ಕೊಟ್ಟ್ರ ಬಂದೂಕ ಹೋಗ್ತದ, ಮನಸ್ನ್ಯಾಗಿಂದು ಹೋಗ್ತದೇನು?" ಎಂದಳು. ಅದಾದ ಮೇಲೆ ರೊಟ್ಟಿ ಬಡಿಯುವ ಸಪ್ಪಳ ಮಾತ್ರ.

ಮಹಾನವಮಿಯ ದಿನ ನಮ್ಮಲ್ಲಿ ಖಂಡೇ ಪೂಜೆ. ಮನೆಯಲ್ಲಿರುವ ಕುಡುಗೋಲು, ಕೊಡಲಿ, ಈಳಿಗೆ, ನೇಗಿಲ ಕುಳ ಎಲ್ಲ ತೊಳೆದು ಕಂಬಳಿಯ ಮೇಲೆ ಸಾಲಾಗಿ ಇಡುತ್ತಾರೆ. ಬಂದೂಕು ನಡುವೆ, ತೋಟಾಗಳು ಅದರ ಮುಂದೆ. ವಿಭೂತಿ, ಹೂವು, ಹೋಳಿಗೆಯ ಎಡೆ. ದಶಮಿ ಮುಗಿಯುವವರೆಗೆ ಅವನ್ನು ಎತ್ತಿಡುವುದಿಲ್ಲ. ಪ್ರತಿ ವರ್ಷ ಮುತ್ಯಾ ಬರಿಮೈ ತೋಟಾಗಳಿಗೆ ಬರೀ ಹೂವು ಏರಿಸುತ್ತಿದ್ದ, ವಿಭೂತಿ ಸೋಕದಂತೆ ನೋಡಿಕೊಳ್ಳುತ್ತಿದ್ದ. ಆ ವರ್ಷ ಪೂಜೆಗೆ ಕೂತವಳು ಆಯಿ. ನಾನು ತಟ್ಟೆ ಹಿಡಿದು ಪಕ್ಕದಲ್ಲಿದ್ದೆ. ಅವಳು ಕಣ್ಣು ಮುಚ್ಚಿ ಬಾಯಲ್ಲಿ ಏನೋ ಅನ್ನುತ್ತ ಮೂರು ಬೆರಳನ್ನು ವಿಭೂತಿಯಲ್ಲಿ ಅದ್ದಿ ಕಂಬಳಿಯ ಈ ತುದಿಯಿಂದ ಆ ತುದಿಯವರೆಗೆ ಎಳೆದಳು. ಕುಡುಗೋಲಿಗೂ ಹತ್ತಿತು, ಕೊಡಲಿಗೂ ಹತ್ತಿತು, ಅಲ್ಲಿದ್ದ ಎಲ್ಲ ತೋಟಾಗಳಿಗೂ ಹತ್ತಿತು. ಕಾಕಾ ಹಿಂದಿನಿಂದ ನೋಡಿ ಹೌಹಾರಿದ.

"ಯವ್ವಾ, ಏನು ಮಾಡಿದಿ? ಎಲ್ಲಾಕ್ಕೂ ಹಚ್ಚಿಬಿಟ್ಟಿಯಲ್ಲ! ಇನ್ನ ಸೀಸದ್ದು ಯಾವುದು, ಉಪ್ಪಿಂದು ಯಾವುದು?"

"ಹಬ್ಬದ ದಿನ ದೇವರಿಗಿ ಭೇದ ಮಾಡಂತೀಯೇನು? ನನಗ ವಯಸ್ಸಾತಪ್ಪ, ಮರತೆ."

ಹಾಗೆ ಅಂದವಳು ಪಡಸಾಲೆಗೆ ಬಂದಳು. ಹೋಳಿಗೆಯ ಪಾಲಿಗಾಗಿ ದುರುಗಪ್ಪ ಬಾಗಿಲಲ್ಲಿ ನಿಂತಿದ್ದ. ಕಾಕಾನಿಗೂ ಕೇಳುವಂತೆ, ಓಣಿಗೂ ಕೇಳುವಂತೆ ಹೇಳಿದಳು:

"ದುರುಗ್ಯಾ, ನಾಳಿ ಸಂಜೀಕ ಬನ್ನಿ ಕೊಡಾಕ ಬಾ. ಬನ್ನಿ ಕೈಯಾಗ ಹಿಡಕೊಂಡು ಸುಳ್ಳ ಹೇಳಬಾರದು. ನಾಲಿ ದಂಡಿ ಮ್ಯಾಲ ಏನು ನೋಡೀದಿ, ದೊಡ್ಡ ಗೌಡ್ರ ಮುಂದ ಹೇಳಿ ಹೋಗು."

ದಶಮಿಯ ದಿನ ಬನ್ನಿ ಎಲೆಯನ್ನು ಒಬ್ಬರ ಕೈಗೆ ಒಬ್ಬರು ಕೊಟ್ಟು ಬಂಗಾರದ ಹಾಗೆ ಇರೋಣ ಎನ್ನುವುದು, ಹಳೆಯ ಜಗಳ ಅಲ್ಲಿಗೆ ಬಿಡುವುದು ನಮ್ಮಲ್ಲಿ ರೂಢಿ. ಊರಿನ ಗಂಡಸರೆಲ್ಲ ಬನ್ನಿಗಿಡದ ಹತ್ತಿರ ಹೋಗಿದ್ದರು, ಅಪ್ಪನೂ ಹೋಗಿದ್ದ. ನಾನು ಒಣಹಾಕಿದ ಶೇಂಗಾ ತರಲು ಮಾಳಿಗೆ ಹತ್ತಿದೆ. ಮಾಳಿಗೆಯ ಅಂಚಿನ ಕುಂಬಿ ಗೋಡೆಗೆ ಆತುಕೊಂಡು ಕಾಕಾ ಕೂತಿದ್ದ. ತೊಡೆಯ ಮೇಲೆ ಬಂದೂಕು. ಹಬ್ಬದ ಹೊಸ ಅಂಗಿ, ಹಣೆಗೆ ವಿಭೂತಿ. ನನ್ನನ್ನು ನೋಡಿ ಬೆಚ್ಚಿದ, ಆಮೇಲೆ ನಗಲು ನೋಡಿದ.

"ಬಾ ಬೇ ನೀಲಿ, ಸಪ್ಪಳ ಮಾಡಬ್ಯಾಡ. ಬಣವಿ ಕಡಿ ಚಿರತಿ ಬಂದೈತಿ. ಇದನ್ನ ಹಿಡಕೊ. ಕೇಳಿದಾಗ ಕೊಡು."

ಕೈಗೆ ಒಂದು ತೋಟಾ ಇಟ್ಟ. ಅದು ಹಗುರವಿತ್ತು.

ನನಗೆ ಮುತ್ಯಾನ ಮಧ್ಯಾಹ್ನ ನೆನಪಾಯಿತು. ಇದು ಉಪ್ಪು. ನಳಿಕೆಯೊಳಗಿರುವುದು? ಅದೂ ಇದೇ ಡಬ್ಬಿಯದು. ಬಣವೆಯ ಕಡೆ ನಿಜವಾಗಿ ಚಿರತೆ ಇದ್ದರೆ, ಇವನು ಉಪ್ಪಿನಿಂದ ಹೊಡೆದರೆ, ಅದು ಸಿಟ್ಟಾಗಿ ಗೋಡೆ ಹಾರಿ ಮಾಳಿಗೆಗೆ ಬಂದರೆ ನಾವಿಬ್ಬರೂ ಮುಗಿದೆವು. ಬಾಯಿ ತೆರೆದೆ. ಕಾಕಾ, ಇದು ಉಪ್ಪಿಂದು ಎನ್ನಬೇಕು. ಅಷ್ಟರಲ್ಲಿ ಹಿತ್ತಲ ಗೋಡೆಯ ಆಚೆ ದುರುಗಪ್ಪ ಕಂಡ. ನಾಲೆಯ ದಂಡೆ ಇಳಿದು ಬಣವೆಯ ಮಗ್ಗುಲಿಗೆ ಬಂದು, ತಲಬಾಗಿಲಿಗೆ ಸುತ್ತು ಹಾಕಲು ನಮಗೆ ಬೆನ್ನು ತಿರುಗಿಸಿದ್ದ. ನಮ್ಮಿಂದ ನಲವತ್ತು ಹೆಜ್ಜೆ. ಕೈಯಲ್ಲಿ ಬನ್ನಿ ಟೊಂಗೆ. ಅವನ ನಡಿಗೆಯಿಂದಲೇ ಅವನೆಂದು ನನಗೆ ಗೊತ್ತಾಯಿತು, ಮುಖ ಕಾಣುತ್ತಿರಲಿಲ್ಲ. ನಾನು ತೆರೆದ ಬಾಯಿ ಮುಚ್ಚಿದೆ, ಉಪ್ಪೇ ಇರಲಿ ಎಂದು. ಈ ಕ್ಷಣವನ್ನು ಸಾವಿರ ಸಲ ತಿರುಗಿಸಿ ನೋಡಿದ್ದೇನೆ. ದುರುಗಪ್ಪನ ಹಿಂದೆ, ಬಣವೆಯ ಬುಡದಲ್ಲಿ, ಏನೋ ಹಳದಿ ಸರಿಯಿತು. ಹುಲ್ಲಿರಬಹುದು. ನಾಯಿ ಇರಬಹುದು. ಕನ್ನಡಕವಿಲ್ಲದ ಕಣ್ಣು. ನಳಿಕೆ ತಿರುಗಿತು. ಅದು ಬಣವೆಯ ಬುಡದ ಕಡೆ ತಿರುಗಿತೋ, ಅದಕ್ಕಿಂತ ಒಂದು ಮೊಳ ಮೇಲೆ ತಿರುಗಿತೋ? ಈ ಒಂದು ಮೊಳದ ಮೇಲೆ ನಮ್ಮ ಮನೆತನದ ಮಾನ ನಿಂತಿದೆ, ನಾನು ಹೇಳಲಾರೆ. ಸಪ್ಪಳವಾಯಿತು. ಬನ್ನಿ ಟೊಂಗೆ ಹಾರಿತು. ದುರುಗಪ್ಪ ಬೋರಲು ಬಿದ್ದ.

ಹೊಗೆ ಇನ್ನೂ ಮೂಗಿನಲ್ಲಿತ್ತು. ಆಗಲೇ ಬೆಳಕಿಂಡಿಯೊಳಗಿಂದ ಆಯಿಯ ದನಿ ಬಂತು. ಅವಳು ಒಲೆಯ ಮುಂದಿದ್ದಳು, ಹೊರಗೆ ಬಂದಿರಲಿಲ್ಲ, ಏನನ್ನೂ ನೋಡಿರಲಿಲ್ಲ.

"ಅಂಜಬ್ಯಾಡೋ ದುರುಗ್ಯಾ, ಅದು ಉಪ್ಪು! ಅದು ಉಪ್ಪೋ!"

ಕಾಕಾ ನಳಿಕೆ ಬಾಗಿಸಿ ತೆರೆದು ಖಾಲಿ ತೋಟಾ ಕಿತ್ತು ಹಾಕಿದ. ಕೈ ಚಾಚಿದ.

"ಕೊಡ ಬೇ ಇನ್ನೊಂದು! ಹೊಂಟೈತಿ, ಕೊಡು!"

ನಾನು ಅದನ್ನು ಬೆಳಕಿಂಡಿಯೊಳಗೆ ಹಾಕಿಬಿಟ್ಟೆ. ಅದು ಆಯಿಯ ಪಾತ್ರೆಗಳ ಮೇಲೆ ಬಿದ್ದ ಸಪ್ಪಳ ಕೇಳಿತು. ಕಾಕಾ ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟು ಇರಲಿಲ್ಲ. ಯಾರೋ ನಿದ್ದೆಯಿಂದ ಎಬ್ಬಿಸಿದ ಹಾಗಿತ್ತು. ಆಮೇಲೆ ಅವನು ಅಲ್ಲೇ ಶೇಂಗಾದ ಮೇಲೆ ಕೂತು ಬೆವರು ಒರೆಸಿಕೊಂಡ.

ದುರುಗಪ್ಪನನ್ನು ಪಡಸಾಲೆಯ ಮೆಟ್ಟಿಲ ಮೇಲೆ ಕೂಡಿಸಿದರು. ಅದಕ್ಕೂ ಮೊದಲು ಅವನು ಆ ಮೆಟ್ಟಿಲು ಮುಟ್ಟಿದವನಲ್ಲ. ಬೆನ್ನ ತುಂಬ ಉಪ್ಪು, ಜೋಳ ತೊಗಲೊಳಗೆ ನಾಟಿದ್ದವು. ಆಯಿ ಬಿಸಿನೀರಿನ ಅರಿವೆಯಿಂದ ಒಂದೊಂದನ್ನೇ ಒರೆಸುತ್ತಿದ್ದಳು, ಅವನು ಹಲ್ಲು ಕಚ್ಚಿಕೊಂಡು ಯವ್ವಾ, ಯವ್ವಾ ಎನ್ನುತ್ತಿದ್ದ. ಡಾಕ್ಟರ ಹತ್ತಿರ ಹೋಗಲಿಲ್ಲ, ಹೋದರೆ ಕೇಸಾಗುತ್ತಿತ್ತು. ಬನ್ನಿಗಿಡದಿಂದ ಓಡಿ ಬಂದ ಅಪ್ಪ ತಮ್ಮನ ಅಂಗಿಯ ಕೊರಳು ಹಿಡಿದ.

"ಏನ್ ಮಾಡಿದ್ಯೋ?"

"ಚಿರತಿ ಇತ್ತಣ್ಣ. ಅವನ ಬೆನ್ನ ಹಿಂದ ಇತ್ತು. ನೀಲಿನ್ನ ಕೇಳು. ನೀಲಿ ನೋಡ್ಯಾಳ."

ಎಲ್ಲರೂ ನನ್ನ ಕಡೆ ತಿರುಗಿದರು. ಅವ್ವನ ಕೈ ನನ್ನ ಹೆಗಲನ್ನು ಹಿಡಿದಿತ್ತು, ಬೆರಳು ಒಳಗೆ ಇಳಿಯುವಷ್ಟು ಗಟ್ಟಿಯಾಗಿ. ಆಯಿ ಅರಿವೆ ಹಿಂಡುತ್ತ ತಲೆ ಎತ್ತಲಿಲ್ಲ. ದುರುಗಪ್ಪ ಮಾತ್ರ ನೇರ ನನ್ನನ್ನು ನೋಡುತ್ತಿದ್ದ.

"ಇತ್ತು," ಎಂದೆ.

"ಇತ್ತಂದ್ರ ಇತ್ತು ಬಿಡ್ರಿ," ಎಂದ ದುರುಗಪ್ಪ. ರುಮಾಲಿನೊಳಗೆ ಉಳಿದಿದ್ದ ನಾಲ್ಕು ಬನ್ನಿ ಎಲೆ ತೆಗೆದು ಅಪ್ಪನ ಕೈಯಲ್ಲಿಟ್ಟ. ಅಪ್ಪ ಕಾದ. ದುರುಗಪ್ಪ ಏನು ಹೇಳಲು ಬಂದಿದ್ದನೋ ಅದನ್ನು ಹೇಳಲಿಲ್ಲ, ಆಮೇಲೂ ಎಂದೂ ಹೇಳಲಿಲ್ಲ. ಎರಡು ವಾರ ನಮ್ಮ ದನದ ಅಂಕಣದಲ್ಲೇ ಮಲಗಿ ಗುಣವಾದ ಮೇಲೆ ಆಯಿ ಅವನಿಗೆ ಗೊರೇಬಾಳದಲ್ಲಿ, ಅವ್ವನ ತವರುಮನೆಯಲ್ಲಿ ಕೆಲಸ ಹಚ್ಚಿಕೊಟ್ಟಳು. ಹೊರಡುವ ದಿನ ನಾನು ಅವನ ಹಿಂದೆ ಹಿತ್ತಲತನಕ ಹೋದೆ. ನನ್ನ ಕನ್ನಡಕ ಬಂದಿತ್ತು. ಅವನು ಅದನ್ನು ನೋಡಿ ನಕ್ಕ.

"ಈಗ ಚಂದಾಗಿ ಕಾಣ್ತಾವೇನವ್ವ?"

"ಹೂಂ."

"ಖರೇ ಚಿರತಿ ಬರ್ತದಂತ ನಿಮ್ಮ ಆಯಿ ನಂಬಿದ್ಲು ಅಂದ್ರ, ಹೆತ್ತ ಮಗನ ಕೈಯಾಗ ಉಪ್ಪು ಕೊಡ್ತಿದ್ಲೇನು? ನೀನೇ ಹೇಳು."

ಆ ಮಾತು ನನ್ನೊಳಗೆ ಉಳಿದುಬಿಟ್ಟಿತು. ಬಣವೆಯಲ್ಲಿ ಚಿರತೆ ಇರಲಿಲ್ಲವಾದರೆ ನನ್ನ ಕಾಕಾ ಬನ್ನಿ ಹಿಡಿದು ಬಂದವನ ಬೆನ್ನಿಗೆ ಗುರಿ ಇಟ್ಟವನು. ಚಿರತೆ ಇತ್ತಾದರೆ ನನ್ನ ಆಯಿ ಮಗನನ್ನೂ ಮೊಮ್ಮಗಳನ್ನೂ ಹಿಡಿ ಉಪ್ಪು ಕೊಟ್ಟು ಅದರ ಬಾಯಿಗೆ ನಿಲ್ಲಿಸಿದವಳು. ಇಬ್ಬರನ್ನೂ ಒಟ್ಟಿಗೆ ಬಿಡಿಸಿಕೊಳ್ಳಲು ನನ್ನಿಂದ ಆಗಿಲ್ಲ. ಅಪ್ಪನೊಬ್ಬ ಮೂರನೆಯ ದಾರಿ ಹುಡುಕಿಕೊಂಡಿದ್ದ. ಕೈಯಲ್ಲಿ ಹಿಡಿದರೆ ಹಗುರ ಗೊತ್ತಾಗದೇ ಇರುತ್ತದೆಯೇ, ತಮ್ಮನಿಗೆ ಉಪ್ಪೆಂದು ಗೊತ್ತಿತ್ತು, ಬರೀ ಹೆದರಿಸಲು ಹೊಡೆದ ಎನ್ನುತ್ತಿದ್ದ. ಅಪ್ಪ ಬಂದೂಕನ್ನು ಠಾಣೆಗೆ ಒಪ್ಪಿಸಿ ಬಂದ ಮೇಲೆ ಈ ಮಾತನ್ನು ದೊಡ್ಡದಾಗಿ ಹೇಳುವುದನ್ನೂ ಬಿಟ್ಟ. ಕಾಕಾ ಇಸ್ಪೀಟು ಬಿಟ್ಟ, ಹೊಲಕ್ಕೆ ಇಳಿದ. ಆದರೆ ಮದುವೆ ಮುಂಜಿಯಲ್ಲಿ ನಾನು ಸಿಕ್ಕಾಗಲೆಲ್ಲ ಯಾರೂ ಇಲ್ಲದ ಹೊತ್ತು ನೋಡಿ ಕೇಳುತ್ತಿದ್ದ: "ನೀಲಿ, ಇತ್ತಲ್ಲ?" ನಾನು ಇತ್ತು ಕಾಕಾ ಎನ್ನುತ್ತಿದ್ದೆ. ತನಗೇ ಖಾತ್ರಿ ಇಲ್ಲದವನ ಹಾಗೆ ಕೇಳುತ್ತಿದ್ದ. ಕೊನೆಯ ಸಲ ಕೇಳಿದಾಗ ಅವನಿಗೆ ಮಾತೇ ನಿಂತಿತ್ತು, ಹುಬ್ಬು ಎತ್ತಿ ಕೇಳಿದ.

ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು ಎತ್ತರದಿಂದ ಹಾರಿಸಿದ ಗುಂಡು ಎಷ್ಟು ದೂರದಲ್ಲಿ ಎಷ್ಟು ಇಳಿಯುತ್ತದೆ ಎಂದು ಬೋರ್ಡಿನ ಮೇಲೆ ಬಾಗಿದ ಗೆರೆ ಎಳೆದರೆ, ನಾನು ಆ ಗೆರೆಯ ತುದಿಯಲ್ಲಿ ಬಣವೆ ಬರೆದು ಒಂದು ಮೊಳದ ಲೆಕ್ಕ ಹಾಕುತ್ತಿದ್ದೆ. ಉತ್ತರ ಒಂದು ದಿನ ಹೀಗೆ ಬರುತ್ತಿತ್ತು, ಇನ್ನೊಂದು ದಿನ ಹಾಗೆ. ಆಯಿ ತೀರಿಕೊಂಡ ವರ್ಷ ಅವಳ ಜೋಳದ ಗುಮ್ಮಿ ಖಾಲಿ ಮಾಡಿದೆವು. ತಳದಲ್ಲಿ ಒಂದು ಅರಿವೆಯ ಗಂಟು ಸಿಕ್ಕಿತು. ಬಿಚ್ಚಿದೆ. ಎಂಟು ತೋಟಾ, ಕೈಗೆ ಭಾರ. ಒಂದಕ್ಕೂ ವಿಭೂತಿ ಇರಲಿಲ್ಲ. ಖಂಡೇ ಪೂಜೆಯ ಕಂಬಳಿಯ ಮೇಲೆ ಆ ದಿನ ಸೀಸದ್ದು ಒಂದೂ ಇರಲೇ ಇಲ್ಲ. ಎಲ್ಲಕ್ಕೂ ವಿಭೂತಿ ಹಚ್ಚಿ ಮರೆತೆ ಎಂದದ್ದು, ಕಾಕಾ ಅನುಮಾನ ಪಟ್ಟು ಹುಡುಕದಿರಲಿ ಎಂದು.

ಇವತ್ತು ಸಂಜೆ ವೀರೇಶನಿಗೆ ಫೋನು ಮಾಡಿದೆ. ಅವನು ಖುಷಿಯಿಂದ ಎತ್ತಿದ.

"ಅತ್ತಿ! ಹೇಳು ಹೇಳು. ಯಾವ ನಂಬರಿಂದು?"

"ಫಾರೆಸ್ಟಿನವರಿಗೆ ಹೇಳೀಯೇನಪ್ಪ? ಅವರು ಬೋನು ಇಡ್ತಾರ. ಚಿರತಿ ಹೊಡದ್ರ ಜೈಲು."

"ಅವರಿಗ್ಯಾಕ ಬಿಡು. ಅವರು ಬರೂದ್ರಾಗ ಅದು ಹೊಂಟು ಹೋಗಿರ್ತದ."

"ಎಷ್ಟು ದೂರದಿಂದ ಹೊಡೀಬೇಕಂತಿ?"

"ಮಾಳಿಗಿಯಿಂದ ನಾಲಿ ದಂಡಿಗೆ ಎಷ್ಟಾಗ್ತದ, ಅಷ್ಟು."

"ನೀ ಕಳಿಸಿದ ಹೆಜ್ಜ್ಯಾಗ ಉಗುರು ಮೂಡ್ಯಾವ ವೀರೇಶ."

"ಹೌದೇನು? ಮೂಡಿರ್ತಾವ."

"ಆ ದಾರೀಲೆ ಯಾರು ಅಡ್ಡಾಡ್ತಾರ?"

ಆ ಕಡೆ ಎಲ್ಲೋ ಟ್ರ್ಯಾಕ್ಟರು ಹೋಗುವ ಸದ್ದು ಕೇಳಿತು, ನಾಯಿ ಬೊಗಳುವುದು ಕೇಳಿತು. ಆಮೇಲೆ ಅವನು ನಕ್ಕ.

"ಯಾಕ ಅತ್ತಿ ಹಂಗ ಕೇಳ್ತಿ?"

ಸಿಂಧನೂರಿಗೆ ಹೋಗುವ ಮೊದಲ ಬಸ್ಸು ಬೆಳಿಗ್ಗೆ ಆರಕ್ಕೆ. ಚೀಲದಲ್ಲಿ ಎರಡು ಸೀರೆ ಇಟ್ಟುಕೊಂಡೆ. ಮೇಲೆ ಕನ್ನಡಕ ಇಟ್ಟುಕೊಂಡೆ.